ಹೊತ್ತು ಮೀರಿ ಬಂದ ಸುಧಾರಣೆ

(ಅಫಜಲಪುರದಲ್ಲಿ ಗಿರಣಿ ಕಾಮಗಾರರೂ ಸಣ್ಣ ವ್ಯಾಪಾರಸ್ಥರೂ ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ಅಂಗಡಿಕಾರ ಬಂಧುಗಳೇ,

ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಸೀಮೆಯಲ್ಲಿ ಧ್ವಜ ಏರುತ್ತದೆ. ಮೊದಲು ಅದನ್ನು ಹೈದರಾಬಾದ ಕರ್ನಾಟಕ ವಿಮೋಚನಾ ದಿನವೆಂದರು. 2019 ರಲ್ಲಿ ಸೀಮೆಯ ಹೆಸರು ಬದಲಾಗಿ ಕಲ್ಯಾಣ ಕರ್ನಾಟಕ ಉತ್ಸವ ದಿನವಾಯಿತು. ಹೆಸರು ಬದಲಾದರೂ ವೇದಿಕೆಯ ಮೇಲಿನ ಕಥೆ ಬದಲಾಗಿಲ್ಲ. ರಜಾಕಾರರ ಕ್ರೌರ್ಯ, ಸರದಾರ ಪಟೇಲರ ದಿಟ್ಟತನ, ನಿಜಾಮನ ಶರಣಾಗತಿ, ಮೂರು ಮಾತಿನಲ್ಲಿ ಮುಗಿಯಿತು. ಈ ಮೂರೂ ನಿಜ. ಆದರೆ ಹತ್ತು ವರ್ಷ ಕುದ್ದ ಗಡಿಗೆಯ ಲೆಕ್ಕವನ್ನು ಕೊನೆಯ ಐದು ದಿನದ ಉರಿಯಿಂದ ಹೇಳಲು ಬರುವುದಿಲ್ಲ. ಒಂದೇ ಸಂತೆಯಲ್ಲಿ ಕೊಟ್ಟು ತಗೊಳ್ಳುತ್ತಿದ್ದ ಜನ ಒಬ್ಬರ ಮೇಲೊಬ್ಬರು ಕೊಡಲಿ ಎತ್ತುವ ಮಟ್ಟಕ್ಕೆ ಹೇಗೆ ಬಂದರು? ಇಂದು ನಾವು ಕೇಳುವುದು ಇದೊಂದೇ ಪ್ರಶ್ನೆ.

ನಮ್ಮ ಊರಿನಿಂದಲೇ ಆರಂಭಿಸೋಣ. ತಾಲೂಕಿನ ದಕ್ಷಿಣಕ್ಕೆ ಭೀಮಾ ಹೊಳೆ. ಹೊಳೆ ದಾಟಿದರೆ ಇಂಡಿ, ಸಿಂದಗಿ, ಅಂದರೆ ಆಗಿನ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಈ ದಂಡೆ ನಿಜಾಮನ ಮುಲಕು. ಎರಡೂ ದಂಡೆಗೆ ಒಂದೇ ಮಾತು, ಒಂದೇ ಜೋಳ. ಬೀಗತನವೂ ಹೊಳೆ ದಾಟಿಯೇ ನಡೆಯುತ್ತಿತ್ತು. ಆದರೆ ಆ ದಂಡೆಯ ರೂಪಾಯಿ ಕಲ್ದಾರ, ಈ ದಂಡೆಯದು ಹಾಲಿಸಿಕ್ಕಾ. ನೂರು ಕಲ್ದಾರ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಣಿಸಬೇಕಾಗಿತ್ತು. ಸರಕು ಗಡಿ ದಾಟಿದರೆ ಕರೋಡಗಿರಿ ನಾಕೆಯಲ್ಲಿ ಸುಂಕ ಬೇರೆ. ಅಂಗಡಿಕಾರರಿಗೆ ಈ ಗೋಡೆ ಎಷ್ಟು ಎತ್ತರದ್ದೆಂದು ನಾವು ಹೇಳಬೇಕಾಗಿಲ್ಲ.

ಗೋಡೆ ಬರೀ ನಾಣ್ಯದ್ದಲ್ಲ. 1937 ರಲ್ಲಿ ಆ ದಂಡೆಯಲ್ಲಿ ಚುನಾವಣೆ ನಡೆದು ಮುಂಬಯಿಯಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಮತ ಎಲ್ಲರಿಗೂ ಇರಲಿಲ್ಲ, ಆಸ್ತಿ ಕಂದಾಯ ಇದ್ದವರಿಗೇ ಹೆಚ್ಚು. ಆದರೂ ಮಂತ್ರಿಯನ್ನು ಪ್ರಶ್ನೆ ಕೇಳುವ ಒಂದು ಸಭೆ ಇತ್ತು. ಈ ದಂಡೆಯಲ್ಲಿ ಅಷ್ಟೂ ಇಲ್ಲ. 1911 ರಿಂದ ಪಟ್ಟದಲ್ಲಿದ್ದ ಮೀರ್ ಉಸ್ಮಾನ ಅಲಿ ಖಾನನ ಫರ್ಮಾನೇ ಕಾನೂನು. 1941 ರ ಜನಗಣತಿಯಂತೆ ರಾಜ್ಯದ ಜನ ಒಂದು ಕೋಟಿ ಅರವತ್ಮೂರು ಲಕ್ಷ. ನೂರಕ್ಕೆ ಎಂಬತ್ತಕ್ಕೂ ಮೇಲೆ ಹಿಂದೂಗಳು, ಹನ್ನೆರಡು ಹದಿಮೂರು ಮಂದಿ ಮುಸಲ್ಮಾನರು. ಆಡಳಿತದ ಭಾಷೆ ಉರ್ದು. ಕನ್ನಡ ಮನೆಯ ಹುಡುಗ ಶಾಲೆ ಕಲಿಯಬೇಕಾದರೂ ಅರ್ಜಿ ಬರೆಸಬೇಕಾದರೂ ಪರಭಾಷೆಯ ಬಾಗಿಲು ತಟ್ಟಬೇಕು.

ಇಲ್ಲಿ ಒಂದು ಮಾತನ್ನು ಬಿಡಿಸಿ ನೋಡಬೇಕು. ರಾಜ ಮುಸಲ್ಮಾನ, ಪ್ರಜೆ ಹಿಂದೂ, ಆದ್ದರಿಂದ ಜಗಳ ಎನ್ನುವವರಿದ್ದಾರೆ. ನೆಲದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ರಾಜ್ಯದ ನೆಲದಲ್ಲಿ ಹತ್ತರಲ್ಲಿ ಮೂರು ಪಾಲು ಜಹಗೀರುಗಳಲ್ಲಿ, ಒಂದು ಪಾಲು ಸರ್ಫೇಖಾಸ್ ಎಂಬ ನಿಜಾಮನ ಸ್ವಂತ ಆಸ್ತಿಯಲ್ಲಿ. ದೊಡ್ಡ ಜಹಗೀರುಗಳಲ್ಲಿ ಪೋಲೀಸು, ನ್ಯಾಯ ಎರಡೂ ಜಹಗೀರದಾರನದೇ. ಈ ಪಂಕ್ತಿಯಲ್ಲಿ ಪಾಯಗಾದ ನವಾಬರು ಕೂತಿದ್ದರು; ವನಪರ್ತಿ, ಗದ್ವಾಲದಂಥ ಹಿಂದೂ ಸಂಸ್ಥಾನಿಕರೂ, ದೇಶಮುಖರೂ ಕೂತಿದ್ದರು. 1937 ರ ತನಕ ಹಲವು ವರ್ಷ ಪ್ರಧಾನಿಯಾಗಿದ್ದವರು ಮಹಾರಾಜಾ ಕಿಶನ್ ಪ್ರಸಾದ. ಇತ್ತ ಬಿಟ್ಟಿ ಚಾಕರಿಗೆ ನಿಂತವನ ಹಣೆಯ ಮೇಲೆ ವಿಭೂತಿಯಿದ್ದರೂ ಸರಿ, ತಲೆಯ ಮೇಲೆ ಟೋಪಿಯಿದ್ದರೂ ಸರಿ, ಬೆನ್ನು ಬಾಗಲೇಬೇಕಾಗಿತ್ತು. ಜಿಲ್ಲೆಗಳಲ್ಲಿದ್ದ ಬಹುಪಾಲು ಮುಸಲ್ಮಾನರು ನೇಕಾರರು, ಟಾಂಗಾದವರು, ಸಿಪಾಯಿಗಳು, ಸಣ್ಣ ಕಾರಕೂನರು. ರಾಜ್ಯ ನಿಮ್ಮದು ಎಂದು ಅವರಿಗೆ ಹೇಳಿದವರಿದ್ದರು. ರಾಜ್ಯದಲ್ಲಿ ಒಂದು ಎಕರೆ ಕೊಟ್ಟವರು ಕಾಣಲಿಲ್ಲ.

ಇಂಥ ರಾಜ್ಯಕ್ಕೆ ಸುಧಾರಣೆ ಹೇಗೆ ಬಂತು ನೋಡಿ. 1937 ರಲ್ಲಿ ದಿವಾನ ಬಹದ್ದೂರ ಅರವಮುದು ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಸುಧಾರಣೆ ಘೋಷಣೆಯಾದದ್ದು 1939 ರ ಜುಲೈಯಲ್ಲಿ. 85 ಸದಸ್ಯರ ಶಾಸನಸಭೆ, ಅದರಲ್ಲಿ ಚುನಾಯಿತರು 42. ಮಂತ್ರಿಗಳ ಜವಾಬ್ದಾರಿ ಸಭೆಗಲ್ಲ, ನಿಜಾಮನಿಗೆ. ಆಯ್ಕೆ ಊರುಗಳಿಂದಲ್ಲ, ಕಸುಬುಗಳಿಂದ: ಒಕ್ಕಲುತನ, ವ್ಯಾಪಾರ, ಉದ್ದಿಮೆ, ಕಾರ್ಮಿಕ ವರ್ಗ, ವಕೀಲಿ, ವೈದ್ಯಕಿ. ಕೇಳಲು ನಮ್ಮಂಥವರಿಗೆ ಹಿತವಾದ ಮಾತೇ. ಆದರೆ ಆ ಕಸುಬಿನ ಮೇಲೆ ಇನ್ನೊಂದು ಮುದ್ರೆ ಒತ್ತಿದರು. ಒಟ್ಟು ಸ್ಥಾನಗಳಲ್ಲಿ ಹಿಂದೂ ಮುಸಲ್ಮಾನರಿಗೆ ಸರಿಸಮ ಪಾಲು. ಅಂದರೆ ನೇಕಾರ ನೇಕಾರನೆಂದು ಬಾಗಿಲವರೆಗೆ ಬರಬಹುದು. ಒಳಗೆ ಹೆಜ್ಜೆಯಿಟ್ಟ ಕೂಡಲೇ ಅವನು ಹಿಂದೂ, ಇಲ್ಲವೇ ಮುಸಲ್ಮಾನ. ಬಹುಸಂಖ್ಯಾತರಿಗೆ ಇದು ಅನ್ಯಾಯವೆನಿಸಿತು. ಇತ್ತೆಹಾದುಲ್ ಮುಸಲ್ಮೀನ್ ಪಕ್ಷಕ್ಕೆ ಇಷ್ಟು ಕೊಟ್ಟದ್ದೇ ಹೆಚ್ಚೆನಿಸಿತು. ಜಹಗೀರದಾರನಿಗೆ ಮಾತ್ರ ಸಂಕಟವೇನೂ ಆಗಲಿಲ್ಲ, ಏಕೆಂದರೆ ಅವನ ನೆಲದ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ.

ಘೋಷಣೆಗೆ ಮೊದಲೇ ಇನ್ನೊಂದು ಅನರ್ಥ ನಡೆದಿತ್ತು. 1938 ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟರು. ಅದು ಕಣ್ಣು ತೆರೆಯುವ ಮೊದಲೇ, ಸೆಪ್ಟೆಂಬರಿನಲ್ಲಿ, ಸರಕಾರ ನಿಷೇಧ ಹೇರಿತು. ಮುಂದೆ ಅದರ ಮುಂದಾಳಾದ ಸ್ವಾಮಿ ರಾಮಾನಂದ ತೀರ್ಥರು ಹುಟ್ಟಿದ್ದು ಈ ಹೊಳೆಯಾಚೆಯ ಸಿಂದಗಿಯಲ್ಲಿ, 1903 ರಲ್ಲಿ. ಕಾವಿ ತೊಡುವ ಮೊದಲು ಎನ್.ಎಂ. ಜೋಶಿಯವರ ಜೊತೆ ಕಾರ್ಮಿಕ ಚಳವಳಿಯಲ್ಲಿ ದುಡಿದವರು ಅವರು. ಗಿರಣಿಯ ಸಂಗಾತಿಗಳು ಇದನ್ನು ನೆನಪಿಡಬೇಕು. ಎರಡು ತಿಂಗಳು ಸತ್ಯಾಗ್ರಹ ನಡೆದು ಡಿಸೆಂಬರಿನಲ್ಲಿ ನಿಂತಿತು. ಕಾಂಗ್ರೆಸ್ಸಿನ ಬಾಗಿಲು ಮುಚ್ಚಿದಾಗ ಜನರ ಸಿಟ್ಟು ಎಲ್ಲಿಗೆ ಹೋಗಬೇಕು? ತೆರೆದಿದ್ದ ಬಾಗಿಲು ಧರ್ಮದ್ದು. 1939 ರ ಆರ್ಯಸಮಾಜದ ಸತ್ಯಾಗ್ರಹದಲ್ಲಿ ಸಾವಿರಾರು ಜನ ಜೈಲು ಕಂಡರು; ನಮ್ಮ ಗುಲ್ಬರ್ಗಾ ಅದರ ಮುಖ್ಯ ನೆಲೆಗಳಲ್ಲೊಂದು. ಅವರ ತ್ಯಾಗವನ್ನು ನಾವು ಕಡಿಮೆ ಮಾಡುವುದಿಲ್ಲ. ಆದರೆ ಜವಾಬ್ದಾರಿ ಸರಕಾರ ಬೇಕೆಂಬ ಕೂಗು ಹೋಮಕುಂಡ, ಗುಡಿಯ ಗಂಟೆಗಳ ಕೂಗಾಗಿ ಹೊರಬಂದಾಗ ಬಡ ಮುಸಲ್ಮಾನ ಅದನ್ನು ತನ್ನ ಮೇಲೆ ಬಂದ ದಂಡೆಂದು ತಿಳಿದ. ಇತ್ತೆಹಾದಿನ ಬಹಾದ್ದೂರ ಯಾರ ಜಂಗರು ಅದೇ ಹೊತ್ತಿಗೆ ಒಂದು ಹೊಸ ಮಾತು ಹಬ್ಬಿಸಿದರು: ಸಾರ್ವಭೌಮತ್ವ ನಿಜಾಮನೊಬ್ಬನದಲ್ಲ, ಪ್ರತಿಯೊಬ್ಬ ಮುಸಲ್ಮಾನನದು. ಹೊಟ್ಟೆಗಿಲ್ಲದವನ ತಲೆಗೆ ಕಿರೀಟ!

ಹೊಲೆಗೇರಿ ಮಾದಿಗರ ಕೇರಿಯ ಜನ ಯಾವ ಕಡೆ ನಿಲ್ಲಬೇಕಾಗಿತ್ತು? ಬಿ.ಎಸ್. ವೆಂಕಟರಾವ್, ಬಿ. ಶ್ಯಾಮಸುಂದರರಂಥ ದಲಿತ ಮುಂದಾಳುಗಳು ನಿಜಾಮನ ಕಡೆ ನಿಂತರು. ದ್ರೋಹವೆಂದು ಬೈದವರು ಬಹಳ. ಊರಬಾವಿಯ ನೀರು ಕೊಡದ ಗೌಡ ಸ್ವಾತಂತ್ರ್ಯದ ಮಾತನಾಡಿದರೆ ಅದನ್ನು ಕೇರಿಯವರು ಏಕೆ ನಂಬಬೇಕೆಂದು ಕೇಳಿದವರು ಕಡಿಮೆ.

ಈಗ ಸ್ವಲ್ಪ ದೂರ ಹೋಗಿ ಬರೋಣ. ಹೈದರಾಬಾದಿನಲ್ಲಿ ಕಾಂಗ್ರೆಸ್ ನಿಷೇಧವಾಗುವುದಕ್ಕೆ ಮೂರು ತಿಂಗಳು ಮೊದಲು, 1938 ರ ಜೂನಿನಲ್ಲಿ, ಜವಾಹರಲಾಲ ನೆಹರೂ ಸ್ಪೇನಿನ ಬಾರ್ಸಿಲೋನಾ ನಗರದಲ್ಲಿದ್ದರು. ಜೊತೆಗೆ ಕೃಷ್ಣ ಮೆನನ್. ಮೇಲಿನಿಂದ ಬಾಂಬು ಬೀಳುತ್ತಿದ್ದ ಆ ನಗರದಲ್ಲಿ ಒಂದು ದೇಶ ತನ್ನನ್ನು ತಾನೇ ಕಡಿದುಕೊಳ್ಳುವುದನ್ನು ಅವರು ಕಣ್ಣಾರೆ ಕಂಡರು. ಅಲ್ಲಿ ಏನಾಗಿತ್ತು?

1931 ರ ಏಪ್ರಿಲ್ 14 ರಂದು ಸ್ಪೇನಿನಲ್ಲಿ ರಾಜ ದೇಶಬಿಟ್ಟು ಹೋಗಿ ಗಣರಾಜ್ಯ ಬಂತು. ರಕ್ತ ಹರಿಯಲಿಲ್ಲ, ಜನ ಬೀದಿಯಲ್ಲಿ ಕುಣಿದರು. ದಕ್ಷಿಣದ ಆಂದಲೂಸಿಯಾ, ಎಸ್ತ್ರೆಮದೂರಾ ಸೀಮೆಗಳಲ್ಲಿ ಭಾರಿ ಜಮೀನುದಾರಿ. ಸಾವಿರಾರು ಎಕರೆಗೆ ಒಬ್ಬ ಧಣಿ, ಅವನೂ ಪಟ್ಟಣದಲ್ಲಿ ವಾಸ. ಕೂಲಿಯವನು ಬೆಳಗ್ಗೆ ಊರಚೌಕದಲ್ಲಿ ನಿಂತು ಯಾರಾದರೂ ಕರೆಯುವರೇ ಎಂದು ಕಾಯಬೇಕು. ಗಣರಾಜ್ಯ ನೆಲ ಹಂಚುತ್ತೇನೆಂದಿತು. ಕಾನೂನು ಆಗಲಿಕ್ಕೆ 1932 ರ ಸೆಪ್ಟೆಂಬರ್ ಬಂತು. ಮೊದಲ ವರ್ಷಗಳಲ್ಲಿ ನೆಲ ಕಂಡ ಕುಟುಂಬಗಳು ಕೆಲವೇ ಸಾವಿರ. ಆದರೆ ಇಗರ್ಜಿಯ ಶಾಲೆ, ಮಠಗಳ ವಿಷಯದಲ್ಲಿ ಅದೇ ಸರಕಾರ ಬಿರುಸಾಗಿ ಕೈಯಿಟ್ಟಿತು. ಹೀಗೆ ಧಣಿಗೆ ಭಯ ಹುಟ್ಟಿತು, ಭಕ್ತನಿಗೆ ನೋವಾಯಿತು, ಕೂಲಿಗೆ ಏನೂ ಸಿಗಲಿಲ್ಲ. ತನ್ನ ಅಂಗೈಯಗಲ ಹೊಲವನ್ನು ತಾನೇ ಉಳುತ್ತಿದ್ದ ಉತ್ತರದ ಸಣ್ಣ ರೈತನನ್ನು ನೋಡಿ. ಧಣಿಯ ವಿರುದ್ಧ ಕೂಲಿಯ ಜೊತೆ ನಿಲ್ಲಬೇಕಾಗಿದ್ದವನು ಇಗರ್ಜಿಯ ಹೆಸರಿನಲ್ಲಿ ಧಣಿಯ ಜೊತೆ ಹೋದ. 1933 ರಲ್ಲಿ ಬಲಪಂಥದವರು ಗೆದ್ದು ಕೊಟ್ಟದ್ದನ್ನೂ ಕಸಿದುಕೊಂಡರು. 1934 ರ ಅಕ್ಟೋಬರಿನಲ್ಲಿ ಅಸ್ತೂರಿಯಾಸ್ ಗಣಿ ಕಾಮಗಾರರು ಬಂಡೆದ್ದರು; ಅವರ ಮೇಲೆ ಸೈನ್ಯ ಬಿಟ್ಟರು. 1936 ರ ಫೆಬ್ರುವರಿಯಲ್ಲಿ ಎಡಪಕ್ಷಗಳ ಜನತಾರಂಗ ಗೆದ್ದಿತು. ಕಾಯುವ ತಾಳ್ಮೆ ಆಗ ಯಾರಲ್ಲೂ ಉಳಿದಿರಲಿಲ್ಲ. ಮಾರ್ಚ್ 25 ರಂದು ಬದಾಹೋಸ್ ಪ್ರಾಂತದಲ್ಲಿ ಅರವತ್ತು ಸಾವಿರದಷ್ಟು ಭೂಹೀನರು ತಾವೇ ಹೊಲಗಳಿಗೆ ಇಳಿದರು. ಜುಲೈಯಲ್ಲಿ ಸೇನಾಪತಿಗಳು ದಂಗೆ ಎದ್ದರು.

ಮೂರು ವರ್ಷದ ಯುದ್ಧ 1939 ರ ಏಪ್ರಿಲ್ 1 ಕ್ಕೆ ಮುಗಿಯಿತು. ರಣರಂಗದ ಹೊರಗೆ, ಊರೊಳಗೆ ಹಿಡಿದು ಕೊಂದವರೇ ಸುಮಾರು ಎರಡು ಲಕ್ಷವೆಂದು ಇತಿಹಾಸಕಾರ ಪಾಲ್ ಪ್ರೆಸ್ಟನ್ ಲೆಕ್ಕ ಕೊಟ್ಟಿದ್ದಾರೆ. ಅದರಲ್ಲಿ ಹೆಚ್ಚಿನ ಪಾಲು ಫ್ರಾಂಕೋನ ಕಡೆಯವರ ಕೆಲಸ. ಆದರೆ ಗಣರಾಜ್ಯದ ಕಡೆಯಲ್ಲೂ ಸುಮಾರು ಏಳು ಸಾವಿರ ಪಾದ್ರಿಗಳು, ಸನ್ಯಾಸಿ ಸನ್ಯಾಸಿನಿಯರು ಕೊಲೆಯಾದರು. ನಮ್ಮ ಕಡೆಯವರು ಮಾಡಿದ್ದೆಂದು ನಾವು ಇದನ್ನು ಮುಚ್ಚುವುದಿಲ್ಲ.

ಹೋಲಿಕೆಯನ್ನು ಅಳತೆ ಮೀರಿ ಎಳೆಯಬಾರದು. ಅಲ್ಲಿ ಚುನಾಯಿತ ಸರಕಾರದ ಮೇಲೆ ಸೈನ್ಯ ಬಂಡೆದ್ದಿತು. ಇಲ್ಲಿ ಚುನಾಯಿತ ಸರಕಾರವೆಂಬುದೇ ಇರಲಿಲ್ಲ. ಆದರೆ ನೆಲದ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿ ಮತದ ಪ್ರಶ್ನೆಯನ್ನು ಮುಂದಿಟ್ಟಾಗ ಬಡವರೇ ಎರಡು ದಂಡಾಗಿ ಒಡೆದದ್ದು ಎರಡೂ ಕಡೆ ಒಂದೇ.

ಹೈದರಾಬಾದಿಗೆ ತಿರುಗಿ ಬರೋಣ. ಯುದ್ಧದ ನೆಪದಲ್ಲಿ ಸುಧಾರಣೆ ಏಳು ವರ್ಷ ಕಪಾಟಿನಲ್ಲಿತ್ತು. 1946 ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದು ಅದೇ ಹಳಸಿದ ಸುಧಾರಣೆಯಂತೆ ಚುನಾವಣೆ ಮಾಡಿದರು. ಕಾಂಗ್ರೆಸ್ ಬಹಿಷ್ಕಾರ ಹಾಕಿತು. ಜನಕ್ಕೆ ಬೇಡವಾದ ಸಭೆ, ಜನ ಬೇಡವಾದ ಸರಕಾರ. ಅದೇ ವರ್ಷ ನಲ್ಗೊಂಡದ ಕಡೆ ರೈತರು ನೆಲದ ಪ್ರಶ್ನೆಯನ್ನು ಕೈಯಲ್ಲಿ ಕೋಲು ಹಿಡಿದು ಎತ್ತಿದ್ದರು. ನಮ್ಮ ಸೀಮೆಯಲ್ಲಿ ಅದು ಹಿಂದೆಯೇ ಉಳಿಯಿತು. ಇತ್ತೆಹಾದಿನ ಹಗ್ಗ ಲಾತೂರಿನ ವಕೀಲ ಕಾಸಿಂ ರಜವಿಯ ಕೈಗೆ ಹೋಯಿತು. ರಜಾಕಾರರೆಂಬ ಸ್ವಯಂಸೇವಕರು ಬಂದೂಕು, ಭರ್ಚಿ ಹಿಡಿದು ಹಳ್ಳಿಗಿಳಿದರು.

1947 ರ ಆಗಸ್ಟ್ 15 ರಂದು ಹೊಳೆಯಾಚೆ ತ್ರಿವರ್ಣ, ಈಚೆ ಅದನ್ನು ಹಾರಿಸಿದರೆ ಜೈಲು. ನವೆಂಬರ್ 29 ಕ್ಕೆ ಯಥಾಸ್ಥಿತಿ ಒಪ್ಪಂದವಾಯಿತು. ಸ್ಥಿತಿ ಮಾತ್ರ ಹಾಗೇ ಉಳಿಯಲಿಲ್ಲ. ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿಯದಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂದಾಳು. ನಾಕೆ, ಠಾಣೆಗಳ ಮೇಲೆ ದಾಳಿ. ಅದಕ್ಕೆ ಉತ್ತರವಾಗಿ ಹಳ್ಳಿಗಳ ಮೇಲೆ ರಜಾಕಾರರ ಲೂಟಿ, ಬೆಂಕಿ. 1948 ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಡೆದ ಕಗ್ಗೊಲೆಯನ್ನು ಆ ಕಡೆಯ ಜನ ಇಂದಿಗೂ ಮರೆತಿಲ್ಲ.

ರಜಾಕಾರರನ್ನು ಎದುರಿಸಿದ ಮುಸಲ್ಮಾನರೂ ಇದ್ದರು. 1948 ರ ಆಗಸ್ಟಿನಲ್ಲಿ ಏಳು ಮಂದಿ ಮುಸಲ್ಮಾನ ಪ್ರಮುಖರು ಹೈದರಾಬಾದು ಭಾರತಕ್ಕೆ ಸೇರಲೆಂದು ಬಹಿರಂಗವಾಗಿ ಸಹಿ ಮಾಡಿದರು. ಇಮ್ರೋಜ್ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅದೇ ಪಕ್ಷ ಹಿಡಿದು ಬರೆದರು. ಆಗಸ್ಟ್ 22 ರ ರಾತ್ರಿ ಅವರನ್ನು ಕೊಂದರು. ಸೆಪ್ಟೆಂಬರ್ 17 ರ ವೇದಿಕೆಯಲ್ಲಿ ಈ ಹೆಸರನ್ನು ಎಷ್ಟು ಸಲ ಕೇಳಿದ್ದೀರಿ?

ಸೆಪ್ಟೆಂಬರ್ 13 ರ ನಸುಕಿನಲ್ಲಿ ಸೋಲಾಪುರದ ಕಡೆಯಿಂದ ಮೇಜರ್ ಜನರಲ್ ಚೌಧರಿಯವರ ಪಡೆ ಹೊರಟಿತು. 17 ಕ್ಕೆ ನಿಜಾಮ ಸೋತೆನೆಂದ. ಉತ್ಸವದ ಕಥೆ ಇಲ್ಲಿ ನಿಲ್ಲುತ್ತದೆ. ಆದರೆ ಹಳೆಯ ಠಾಣೆ ಖಾಲಿಯಾಗಿ ಹೊಸ ಠಾಣೆ ತುಂಬದಿದ್ದ ಆ ದಿನಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಏನಾಯಿತು? ಅದನ್ನು ನೋಡಿ ಬರಲು ನೆಹರೂ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನು ಕಳಿಸಿದರು. ನವೆಂಬರ್ 29 ರಿಂದ ಡಿಸೆಂಬರ್ 21 ರ ತನಕ ಅವರು 16 ಜಿಲ್ಲೆಗಳಲ್ಲಿ 9 ನ್ನು ಸುತ್ತಿದರು. ಕಾರ್ಯಾಚರಣೆಯ ವೇಳೆಗೂ ಅದರ ನಂತರವೂ ಸತ್ತವರು 27 ಸಾವಿರದಿಂದ 40 ಸಾವಿರವೆಂದು ಅವರ ಅಂದಾಜು. ಬಹುಪಾಲು ಮುಸಲ್ಮಾನರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಬರೆದದ್ದು ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡ. ಎರಡನೆಯ ಹೆಸರು ನಮ್ಮದು, ಬಂಧುಗಳೇ.

ಕೊಂದವರು ಯಾರು? ರಜಾಕಾರರಿಂದ ನೊಂದವರಷ್ಟೇ ಅಲ್ಲವೆಂದು ವರದಿ ಹೇಳುತ್ತದೆ. ಗಡಿಯಾಚೆಯಿಂದ ಬಂದ ಗುಂಪುಗಳೂ ಕೈಯಿಟ್ಟವು. ಸೈನ್ಯ ಪೋಲೀಸಿನಲ್ಲಿ ಕೆಲವರು ಲೂಟಿಗೆ ಸೇರಿದರು. ಹಲವು ಕಡೆ ಸೈನ್ಯಾಧಿಕಾರಿಗಳು ಶಿಸ್ತಿನಿಂದ ಕಾಪಾಡಿದರು. ಎರಡನ್ನೂ ಬರೆದಿದ್ದಾರೆ. ಸರದಾರ ಪಟೇಲರು ವರದಿಯನ್ನು ಒಪ್ಪಲಿಲ್ಲ. ಅದು ಕಪಾಟು ಸೇರಿ 2013 ರಲ್ಲಷ್ಟೇ ಸಾರ್ವಜನಿಕರ ಕಣ್ಣಿಗೆ ಬಿತ್ತು. ಅರವತ್ತೈದು ವರ್ಷ!

ಆ ವರದಿಯಲ್ಲಿ ಒಂದು ಕಡೆ ನಾವು ನಿಂತೆವು. ಹಿಂದೂಗಳು ನೆರೆಯ ಮುಸಲ್ಮಾನರನ್ನು ಕಾಪಾಡಿದ ಪ್ರಸಂಗಗಳನ್ನು ಹೇಳುತ್ತ, ಕೆಲವು ಕಸುಬುಗಳಲ್ಲಿ ಈ ಒಡನಾಟ ವಿಶೇಷವಾಗಿ ಗಟ್ಟಿಯಾಗಿತ್ತೆಂದು ಸಮಿತಿಯವರು ಬರೆದಿದ್ದಾರೆ. ಉದಾಹರಣೆ ಕೊಟ್ಟದ್ದು ನೇಕಾರರದು. ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಹಿಂದೂ ಗುಂಪುಗಳ ಕೈಯಿಂದ ಉಳಿಸಿದರು. ಅದಕ್ಕಾಗಿ ಸತ್ತರು ಕೂಡ. 1939 ರ ಸುಧಾರಣೆ ಕಸುಬಿನ ಹೆಸರು ಹೇಳಿ ಒಳಗೆ ಮತದಿಂದ ಸೀಳಿತ್ತಲ್ಲವೇ? ಮಗ್ಗದ ಗುಣಿಯಲ್ಲಿ ಕೂತವರು ಆ ಸೀಳನ್ನು ಒಪ್ಪಲಿಲ್ಲ. ಒಂದೇ ಸಾಹುಕಾರನಿಂದ ನೂಲು ತಂದು, ಒಂದೇ ದರಕ್ಕೆ ಸೀರೆ ಮಾರಿ, ಒಂದೇ ವಾರ ಉಪವಾಸ ಬಿದ್ದವರಿಗೆ ಪಕ್ಕದ ಮಗ್ಗದವನು ಯಾರೆಂದು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಮೇಲಿನವರ ಗತಿಯನ್ನೂ ಕೇಳಿ. ಕಾಸಿಂ ರಜವಿ ಜೈಲಿನಿಂದ 1957 ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಪ್ರಧಾನಿ ಲಾಯಕ ಅಲಿ ಗೃಹಬಂಧನದಿಂದ ತಪ್ಪಿಸಿಕೊಂಡು 1950 ರಲ್ಲೇ ಅಲ್ಲಿಗೆ ಮುಟ್ಟಿದ್ದ. 1949 ರಲ್ಲಿ ಜಹಗೀರು ರದ್ದಾದವು. ಜಹಗೀರದಾರರಿಗೆ ಕಂತಿನಲ್ಲಿ ಪರಿಹಾರ. ನಿಜಾಮನಿಗೆ ವರ್ಷಕ್ಕೆ 50 ಲಕ್ಷದ ರಾಜಧನ, 1950 ರಿಂದ 1956 ರ ತನಕ ರಾಜಪ್ರಮುಖನ ಕುರ್ಚಿ. ಮೇಲಿನ ಗಾದಿಯಲ್ಲಿ ಯಾರ ಮನೆಯ ದೀಪವೂ ಆರಲಿಲ್ಲ. ಗೇಣಿದಾರನಿಗೆ 1950 ರಲ್ಲಿ ಒಂದು ಗೇಣಿ ಕಾನೂನು ಬಂತು. ಉಳುವವನೇ ಒಡೆಯನೆಂಬ ಮಾತು ಕಾನೂನಾಗಲು 1974 ಆಯಿತು. ಅದನ್ನು ನಲವತ್ತು ವರ್ಷ ಮೊದಲು ತಂದಿದ್ದರೆ ರಜವಿಯ ಹಿಂದೆ ಯಾರು ಹೋಗುತ್ತಿದ್ದರು?

ಇಲ್ಲಿ ಎರಡು ಚೀಟಿ ಬಂದಿವೆ. ಮೊದಲನೆಯದು: ಹಾಗಾದರೆ ಪೋಲೀಸು ಕಾರ್ಯಾಚರಣೆ ತಪ್ಪೆನ್ನುತ್ತೀರಾ? ಇಲ್ಲ. ನಿಜಾಮಶಾಹಿ ತಾನಾಗಿ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ರಜಾಕಾರರ ಕೈಯಿಂದ ಬಂದೂಕು ಕಸಿಯಲೇಬೇಕಾಗಿತ್ತು. ಆದರೆ ಒಂದು ಆಳ್ವಿಕೆಯನ್ನು ಐದು ದಿನದಲ್ಲಿ ಕೆಡವಲು ಸಿದ್ಧತೆ ಮಾಡಿದವರು ಆರನೆಯ ದಿನ ಹಳ್ಳಿಯನ್ನು ಯಾರು ಕಾಯಬೇಕೆಂಬ ಸಿದ್ಧತೆಯನ್ನೂ ಮಾಡಬೇಕಾಗಿತ್ತು.

ಎರಡನೆಯದು ಅಂಗಡಿಕಾರರೊಬ್ಬರದು: ಹಳೆಯ ಗಾಯ ಕೆದಕಿದರೆ ಪೇಟೆ ಕೆಡುತ್ತದೆ, ಸುಮ್ಮನಿರುವುದು ಲೇಸಲ್ಲವೇ? ಅವರ ಅಂಜಿಕೆ ನಮಗೆ ಅರ್ಥವಾಗುತ್ತದೆ. ಗಲಾಟೆಯಾದರೆ ಮೊದಲು ಮುರಿಯುವುದು ಅವರ ಅಂಗಡಿಯ ಬಾಗಿಲೇ. ಸ್ಪೇನಿನವರೂ ಹೀಗೇ ಎಂದುಕೊಂಡರು. 1975 ರಲ್ಲಿ ಫ್ರಾಂಕೋ ಸತ್ತ ಮೇಲೆ 1977 ರಲ್ಲಿ ಎಲ್ಲವನ್ನೂ ಮನ್ನಿಸುವ ಕಾನೂನು ಮಾಡಿ ಬಾಯಿ ಮುಚ್ಚಿಕೊಂಡರು. ಆದರೆ ಮೊಮ್ಮಕ್ಕಳು ಗುದ್ದಲಿ ತಂದು ರಸ್ತೆಯಂಚಿನಲ್ಲಿ ಅಜ್ಜನ ಎಲುಬು ಹುಡುಕಲು ನಿಂತರು. 2007 ರಲ್ಲೂ 2022 ರಲ್ಲೂ ಸರಕಾರ ಅದಕ್ಕಾಗಿ ಕಾನೂನು ಮಾಡಬೇಕಾಯಿತು. ನಾವು ಸುಮ್ಮನಿದ್ದರೂ ಆ ಜಾಗ ಖಾಲಿ ಉಳಿಯುವುದಿಲ್ಲ. ಅರ್ಧ ಕಥೆ ಹೇಳುವವರು ಪ್ರತಿ ಸೆಪ್ಟೆಂಬರಿನಲ್ಲಿ ಧ್ವನಿವರ್ಧಕ ಹಿಡಿದು ಬರುತ್ತಾರೆ.

1948 ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಹತ್ತಿರ ಇದ್ದಾರೆ. ಅಫಜಲಪುರ, ಆಳಂದ, ಜೇವರ್ಗಿ ಮೂರು ತಾಲೂಕಿನಲ್ಲಿ ಅಂಥವರು ಎಷ್ಟು ಮಂದಿ ಉಳಿದಾರು? ಮುಂದಿನ ಸಂತೆಯ ದಿನದಿಂದ ಪಕ್ಷದ ಕಚೇರಿಯಲ್ಲಿ ಒಂದು ದಫ್ತರ ಇಡುತ್ತೇವೆ. ಸತ್ತವರ ಹೆಸರು, ಊರು, ಕಸುಬು. ಕಾಪಾಡಿದವರ ಹೆಸರು, ಊರು, ಕಸುಬು. ರಜಾಕಾರರು ಕೊಂದವರದೂ ಅದರಲ್ಲೇ, ಆಮೇಲೆ ಸತ್ತವರದೂ ಅದರಲ್ಲೇ. ಮತದ ಅಂಕಣ ಇರುವುದಿಲ್ಲ. ಬೇಳೆ ಗಿರಣಿಯ ಸಂಗಾತಿಗಳು ಪಾಳಿ ಮುಗಿಸಿ ತಮ್ಮ ಓಣಿಯ ಹಿರಿಯರನ್ನು ಕೇಳಿ ಬರಬೇಕು. ಹಳೆಯ ಮನೆಗಳಲ್ಲಿರುವ ಕಾಗದಗಳು ಹೆಚ್ಚಾಗಿ ಉರ್ದುವಿನಲ್ಲಿರುತ್ತವೆ, ಅವನ್ನು ಓದಿ ಹೇಳುವವರು ಇಬ್ಬರು ಬೇಕಾಗಿದ್ದಾರೆ. ಆ ಲಿಪಿ ಬಲ್ಲವರು ಸಭೆ ಮುಗಿದ ಮೇಲೆ ವೇದಿಕೆಯ ಬಲಗಡೆ ಹೆಸರು ಬರೆಸಬೇಕೆಂದು ಕೇಳಿಕೊಳ್ಳುತ್ತೇವೆ.